ಮೀಸಲಾತಿ ಇದ್ದೂ ಬಡತನ ಹೋಗಲಿಲ್ವಾ?

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಆಫೀಸಿನಲ್ಲಿ ಟೀ ಕುಡಿಯುವಾಗ, ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಇಷ್ಟು ವರ್ಷ ಮೀಸಲಾತಿ ಇದೆ, ಇನ್ನೂ ನಿಮ್ಮ ಜನರ ಬಡತನ ಹೋಗಲಿಲ್ವಾ?"

ಕಡಿಮೆಯಾಗಿದೆ ಸ್ವಾಮಿ, ಸಾಕಷ್ಟೇ ಕಡಿಮೆಯಾಗಿದೆ. ಬಡತನದ ರೇಖೆ ಎಲ್ಲಿ ಎಳೆಯಬೇಕು ಅಂತ ಹೇಳಿದ ತೆಂಡೂಲ್ಕರ್ ಸಮಿತಿಯ ಲೆಕ್ಕದಲ್ಲಿ 1993–94ರಲ್ಲಿ ದೇಶದ ಪರಿಶಿಷ್ಟ ಜಾತಿಯವರಲ್ಲಿ ನೂರಕ್ಕೆ 60 ಜನ ಬಡವರು. 2011–12ಕ್ಕೆ ಅದು 29ಕ್ಕೆ ಇಳಿಯಿತು. ಆದರೆ ಆಗ ಇಡೀ ದೇಶದ ಲೆಕ್ಕ 22, ಪರಿಶಿಷ್ಟ ಪಂಗಡದವರದು 43. ಆ ರೇಖೆ ಎಷ್ಟಿತ್ತು ಗೊತ್ತಾ? ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ. 820 ಖರ್ಚು ಮಾಡಿದವನು ಲೆಕ್ಕದಲ್ಲಿ ಬಡವನಲ್ಲ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಮತ್ತೆ ರೇಖೆಯ ಕೆಳಗೆ.

ಹಾಗೆ ಜಾರದಂತೆ ಹಿಡಿದುಕೊಳ್ಳೋದು ಆಸ್ತಿ. ಮೀಸಲಾತಿ ಕೊಡೋದು ಸೀಟು, ಸರ್ಕಾರಿ ಕೆಲಸ. ಕೇರಿಗೆ ಒಬ್ಬರಿಗೋ ಇಬ್ಬರಿಗೋ ಸಿಗುತ್ತದೆ, ಆ ಒಂದು ಸಂಬಳದ ಮೇಲೆ ನಾಲ್ಕು ಮನೆ ನಿಂತಿರುತ್ತವೆ. ಭೂಮಿ ಮಾತ್ರ ಸಿಗಲಿಲ್ಲ. 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 17, 2015–16ರ ಕೃಷಿ ಗಣತಿಯಲ್ಲಿ ಅವರ ಕೈಲಿದ್ದ ಸಾಗುವಳಿ ಭೂಮಿ ನೂರಕ್ಕೆ ಸುಮಾರು 9.

ನಮ್ಮಜ್ಜನಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿತ್ತು. ಬರೀ ಕಲ್ಲು. ಅತ್ತೆಯ ಮದುವೆಗೆ ಸಾಲ ಮಾಡಿ, ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದರು. ಜಮೀನು ಹೋಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಆ ಮಾರಾಟವೇ ಅಸಿಂಧು ಅನ್ನೋ 1978ರ ಪಿಟಿಸಿಎಲ್ ಕಾಯ್ದೆ ರಾಜ್ಯದಲ್ಲಿತ್ತು. ಅದು ಅಪ್ಪನ ಕಿವಿಗೆ ಬೀಳೋ ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು. ಅರ್ಜಿ ಹಾಕಿದರೆ "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ವಜಾ ಮಾಡಿದರು. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲ ಅಂದಿತು.

ಪಹಣಿಯ ಜೆರಾಕ್ಸ್ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಈಗಲೂ ಇದೆ. ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ಅಜ್ಜ, ಸಾಗುವಳಿದಾರರ 12ನೇ ಕಾಲಂನಲ್ಲಿ ಬೇರೆಯವರು. ಮತ್ತೆ ಅರ್ಜಿ ಹಾಕೋಣ ಅಂದೆ. ಅಪ್ಪ ಕವರ್ ಮಡಚಿ ಪೆಟ್ಟಿಗೆಯಲ್ಲಿಟ್ಟು, "ಅಲ್ಲೀಗ ಅಡಿಕೆ ಫಸಲಿಗೆ ಬಂದಿದೆ ಕಣಪ್ಪ, ಅವರು ಬಿಡ್ತಾರಾ?" ಅಂದರು.