ಹಳ್ಳದ ಕಲ್ಲುಗುಡ್ಡೆಗಳು: ಐದನೇ ತಿಂಗಳ ಕೆಲಸ

ಈ ತಿಂಗಳು ಒಂದು ಕಾಲುವೆ ಸಿಕ್ಕಿತು. ಅದನ್ನು ಹೇಳುವ ಮೊದಲು, ಹೊಸದಾಗಿ ಓದುವವರಿಗೆ ಎರಡು ಮಾತು.

ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಹೊಲದ ಅಂಚಿಗೇ ಒಂದು ಹಳ್ಳ ಇದೆ. ಅದರ ಎಡದಂಡೆಯಲ್ಲಿ ಸಾಲಾಗಿ ಹನ್ನೊಂದು ಕಲ್ಲುಗುಡ್ಡೆಗಳು. ಪಕ್ಕದ ಹೊಲದ ಅಜ್ಜ ಅವನ್ನು 'ಜಲಗಾರರ ಗುಡ್ಡೆ' ಅನ್ನುತ್ತಾರೆ. ಜಲಗಾರರೆಂದರೆ ಹಳ್ಳದ ಮರಳು ತೊಳೆದು ಚಿನ್ನದ ಪುಡಿ ಆಯುತ್ತಿದ್ದವರು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹತ್ತೊಂಬತ್ತನೇ ಶತಮಾನದಲ್ಲೂ ಅವರ ಕಸುಬು ನಡೆಯುತ್ತಿತ್ತು. ನಮ್ಮಲ್ಲೂ ನಡೆದಿತ್ತೇ ಅನ್ನುವುದು ನನ್ನ ಪ್ರಶ್ನೆ. ಪ್ರಶ್ನೆಗೆ ಬುಡ ಇಲ್ಲದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಹಾಯುವ ನುಗ್ಗೇಹಳ್ಳಿ ಶಿಲಾಪಟ್ಟಿ, ಅಂದರೆ ಬಹಳ ಹಳೆಯ ಬಂಡೆಗಳ ಉದ್ದನೆಯ ಸಾಲು, ಸುಮಾರು 60 ಕಿ.ಮೀ. ಉದ್ದಕ್ಕೆ ಅರಸೀಕೆರೆ ಕಡೆಗೆ ಚಾಚಿದೆ. ಆ ಪಟ್ಟಿಯ ಕೆಂಪಿನಕೋಟೆಯಲ್ಲಿ ಹಳೆಯ ಕಾಲದವರು ಬಂಡೆ ಅಗೆದು ಚಿನ್ನ ತೆಗೆದ ಗುಂಡಿಗಳು ಇವೆ. ಬಂಡೆಯಲ್ಲಿ ಇದ್ದದ್ದು ಸವೆದು ಹಳ್ಳಕ್ಕೂ ಇಳಿದಿರಬೇಕಲ್ಲ.

ಹೊಲ ಹಸನು ಮಾಡುವಾಗ ಆಯ್ದು ಹಾಕಿದ ಕಲ್ಲುಗಳೇ ಇರಬಹುದು ಎಂದು ನನಗೆ ಮೊದಲಿನಿಂದ ಅನುಮಾನ ಇತ್ತು. ಅದಕ್ಕೇ ಎರಡು ಗುಡ್ಡೆಗಳ ಮೇಲ್ಮೈಯನ್ನು ಕೈಯಲ್ಲೇ ಸರಿಸಿ ನೋಡಿದೆ. ಹೊಲದ ಕಲ್ಲಾದರೆ ಮೂಲೆ ಚೂಪಾಗಿರುತ್ತದೆ, ದೊಡ್ಡದು ಸಣ್ಣದು ಬೆರೆತು ನಡುವೆ ಮಣ್ಣು ತುಂಬಿರುತ್ತದೆ. ಇಲ್ಲಿನವು ಹಳ್ಳದಲ್ಲಿ ಉರುಳಿ ನುಣುಪಾದ ಬೆಣಚುಕಲ್ಲುಗಳು, ಹೆಚ್ಚಿನವು ಮುಷ್ಟಿ ಗಾತ್ರ. ಒಂದು ಮೊಳ ಒಳಗೆ ಹೋದರೂ ಮಣ್ಣಿಲ್ಲ, ಯಾರೋ ತೊಳೆದು ಎಸೆದ ಹಾಗೆ.

ಇನ್ನು ಕಾಲುವೆ. ಬೇಲಿ ಸವರುವಾಗ ಗುಡ್ಡೆಗಳ ಮೇಲ್ಗಡೆ ಒಂದೂವರೆ ಅಡಿ ಅಗಲದ ತಗ್ಗು ಕಾಣಿಸಿತು. ಹಿಂಬಾಲಿಸಿಕೊಂಡು ಹೋದೆ. ಹಳ್ಳದ ಮೇಲಿನ ತಿರುವಿನಿಂದ ಹೊರಟು, ಇಳಿಜಾರು ಕಳೆದುಕೊಳ್ಳದೆ ದಂಡೆಯ ಮಗ್ಗುಲಲ್ಲೇ ಬಂದು, ನಾಲ್ಕನೇ ಗುಡ್ಡೆಯ ತಲೆಯ ಹತ್ತಿರ ನಿಂತುಬಿಡುತ್ತದೆ. ಗದ್ದೆಗೆ ನೀರು ಕೊಡುವ ಕಾಲುವೆ ಗದ್ದೆಗೆ ಹೋಗಬೇಕು. ಇದು ಯಾವ ಗದ್ದೆಗೂ ಹೋಗುವುದಿಲ್ಲ. ಅಲ್ಲೇ ಕೂತು ಬಹಳ ಹೊತ್ತು ನೋಡಿದೆ. ಆ ನೀರನ್ನು ಇಲ್ಲಿಗೆ ತಂದವನಿಗೆ ಇಲ್ಲೇ ಕೆಲಸ ಇತ್ತು. ಅಜ್ಜನನ್ನು ಕರೆದು ತೋರಿಸಿದಾಗ, "ನಾನು ದನ ಮೇಯಿಸುವಾಗಲೂ ಇದು ಹಿಂಗೇ ಒಣಗಿತ್ತು ಕಣಪ್ಪ," ಅಂದರು.

ತೊಳೆಯುವ ಅಭ್ಯಾಸವೂ ಸುಧಾರಿಸಿದೆ. ಬೀಸುಬಲೆಗೆ ಕಟ್ಟುವ ಸೀಸದಿಂದ ಹತ್ತು ಸಣ್ಣ ಚೂರು ಕತ್ತರಿಸಿ ಮರಳಲ್ಲಿ ಬೆರೆಸಿ ಮರಿಗೆಯಲ್ಲಿ ತೊಳೆಯುತ್ತೇನೆ. ಮೊದಲ ತಿಂಗಳು ಐದೇ ಉಳಿಯುತ್ತಿದ್ದವು, ಈಗ ಒಂಬತ್ತು. ಸೀಸ ನೀರಿಗಿಂತ 11 ಪಟ್ಟು ಭಾರ, ಚಿನ್ನ 19 ಪಟ್ಟು. ಸೀಸ ನಿಂತರೆ ಅದೇ ಗಾತ್ರದ ಚಿನ್ನವೂ ನಿಲ್ಲುತ್ತದೆ. ತೆಳ್ಳಗಿನ ರೇಕು ಮಾತ್ರ ನೀರಿನ ಮೇಲೆ ತೇಲಿ ಹೋಗಬಹುದು, ಅದಕ್ಕೆ ಕೊನೆಯ ಸುತ್ತುಗಳಲ್ಲಿ ಅವಸರ ಮಾಡಬಾರದು.

ತಳದಲ್ಲಿ ಉಳಿಯುವ ಕರಿಮರಳಿಗೆ ಅಯಸ್ಕಾಂತ ಹಿಡಿದರೆ ಅರ್ಧ ಅಂಟಿಕೊಳ್ಳುತ್ತದೆ, ಅರ್ಧ ಹಾಗೇ ಉಳಿಯುತ್ತದೆ. ಅಂಟಿದ್ದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಉಳಿದದ್ದರಲ್ಲಿ ದಪ್ಪದೊಂದು ಕಾಳನ್ನು ಟೈಲಿನ ಒರಟು ಹಿಂಬದಿಗೆ ಉಜ್ಜಿದೆ, ಕಂದು ಗೆರೆ ಬಂತು. ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು ಇರಬೇಕು. ಇದೇ ಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಗಣಿಯೇ ಇದೆ, ಹಾಗಾಗಿ ಆಶ್ಚರ್ಯವಾಗಲಿಲ್ಲ. ಆದರೆ ನಮ್ಮ ಹಳ್ಳಕ್ಕೆ ಆ ಬಂಡೆಗಳಿಂದಲೇ ಮರಳು ಬರುತ್ತಿದೆ ಅನ್ನುವುದಕ್ಕೆ ಇದೊಂದು ಆಧಾರ ಆಯಿತು.

ಹಳದಿ ಮಿನುಗು ಎರಡು ಸಲ ಕಂಡಿತು. ಸೂಜಿಮೊನೆಯಿಂದ ಒತ್ತಿದೆ. ಚಿನ್ನವಾದರೆ ಚಪ್ಪಟೆಯಾಗಬೇಕು. ಎರಡೂ ಪದರ ಪದರವಾಗಿ ಬಿಟ್ಟುಕೊಂಡವು. ಕಾಗೆಬಂಗಾರ.

ಇದರಿಂದ ಬೇಸರ ಇಲ್ಲ. ಗುಡ್ಡೆಯ ಮರಳು ಒಮ್ಮೆ ತೊಳೆದು ಬಿಟ್ಟದ್ದಾದರೆ ಅದರಲ್ಲಿ ಏನೂ ಇಲ್ಲದಿರುವುದೇ ಸರಿ. ನನಗೆ ಬೇಕಾದದ್ದು ಚಿನ್ನವಲ್ಲ, ಇಲ್ಲಿ ಸೊಂಟ ಬಗ್ಗಿಸಿ ದುಡಿದವರ ಗುರುತು. ಅದಕ್ಕೇ ಪ್ರತಿ ಸಲ ಒಂದೇ ಬೋಗುಣಿ ಮರಳು, ನಮ್ಮ ಹೊಲದ ಬದಿಯದೇ, ತೊಳೆದ ಮೇಲೆ ಅಲ್ಲಿಗೇ ವಾಪಸ್. ಹಾರೆ, ಪಿಕಾಸಿ ತರುವುದಿಲ್ಲ. ಯಾರಾದರೂ ನೋಡಿ ಅಗೆಯಲು ಶುರು ಮಾಡಿದರೆ ಗುಡ್ಡೆಯೂ ಹೋಗುತ್ತದೆ, ಕಾಲುವೆಯೂ ಹೋಗುತ್ತದೆ. ಊರಿನ ಹೆಸರು ಬರೆಯದಿರುವುದೂ ಅದಕ್ಕೇ.

ಮುಂದಿನ ಕೆಲಸ: ಮಳೆ ಹಿಡಿಯುವ ಮೊದಲು ಕಾಲುವೆಯ ಇಳಿಜಾರನ್ನು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಅಳೆಯಬೇಕು. ಗಾರೆ ಕೆಲಸದ ಗೆಳೆಯ ಭಾನುವಾರ ಬರುತ್ತೇನೆ ಅಂದಿದ್ದಾನೆ.