ಟಿ ಕೋಶಗಳ ಟೀಲೊಮಿಯರ್ ಅಳೆದ ದಿನ

ಬೆಳಿಗ್ಗೆ 10 ಎಂಎಲ್ ರಕ್ತ ಬಂತು, ನೇರಳೆ ಮುಚ್ಚಳದ, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿನಲ್ಲಿ. ಹಸಿರು ಮುಚ್ಚಳದ್ದಾಗಿದ್ದರೆ ಅದರಲ್ಲಿನ ಹೆಪಾರಿನ್, ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ಇಮ್ಮಡಿಸಿ ಅಳೆಯುವ ಪಿಸಿಆರ್‌ಗೆ ಅಡ್ಡಬರುತ್ತಿತ್ತು. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇರುವವರ ರಕ್ತ. ಇದರಲ್ಲಿ ಮಿತಿಮೀರಿ ಬೆಳೆಯುವುದು ಬಿ ಕೋಶವೆಂಬ ಬಿಳಿ ಕಣ; ಟಿ ಕೋಶ ರೋಗನಿರೋಧಕತೆಯ ಇನ್ನೊಂದು ಬಗೆಯ ಬಿಳಿ ಕಣ. ನೋಡಬೇಕಾದದ್ದು ಟಿ ಕೋಶಗಳ ಟೀಲೊಮಿಯರ್: ವರ್ಣತಂತುವಿನ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರ ನೂರಾರು, ಸಾವಿರಾರು ಸಲ ಮರುಕಳಿಸುವ, ಕೋಶ ವಿಭಜನೆಯಾದಂತೆಲ್ಲ ಸವೆಯುವ ಭಾಗ.

ಬಿಳಿ ಕಣಗಳನ್ನೆಲ್ಲ ಒಟ್ಟಿಗೆ ಹಾಕಿ ಅಳೆದರೆ ಸಿಗುವುದು ಕ್ಯಾನ್ಸರ್ ಬಿ ಕೋಶದ ಅಳತೆ. ಈ ರಕ್ತದಲ್ಲಿ ಟಿ ಕೋಶ ಬರೀ 4%. ರಕ್ತಕ್ಕೆ ಅಷ್ಟೇ ಪಿಬಿಎಸ್ ಎಂಬ ಉಪ್ಪಿನ ದ್ರಾವಣ ಬೆರೆಸಿ, ಕಣಗಳನ್ನು ಪದರವಾಗಿ ಬೇರ್ಪಡಿಸುವ 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ನಿಧಾನವಾಗಿ ಹರಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 400 ಜಿ, ಅಂದರೆ ಗುರುತ್ವದ 400 ಪಟ್ಟು ಬಲದಲ್ಲಿ 30 ನಿಮಿಷ ತಿರುಗಿಸಿದ್ದಾಯಿತು. ಬ್ರೇಕ್ ಹಾಕಬಾರದು, ಬೇರ್ಪಟ್ಟ ಬಿಳಿ ಕಣಗಳ ಪದರ ಕಲಕಿಹೋಗುತ್ತದೆ. ಸಿಎಲ್‌ಎಲ್ ಕೋಶಗಳು ಬಹಳ ನಾಜೂಕು. ಪಿಪೆಟ್ ಒರಟಾಗಿ ಆಡಿಸಿದರೆ ಒಡೆದು, ಒಳಗಿನ ಡಿಎನ್‌ಎ ಅಂಟಂಟಾಗಿ, ಮುಂದೆ ಕೋಶಗಳನ್ನು ಆರಿಸುವ ಕಾಂತದ ಕಾಲಮ್ಮನ್ನೇ ಕಟ್ಟಿಸುತ್ತದೆ.

10 ಕೋಟಿ ಕೋಶ ಸಾಕು. ಅದರಲ್ಲಿ ಟಿ ಕೋಶ 40 ಲಕ್ಷ. ಕೋಶಕ್ಕೆ ಸುಮಾರು 6 ಪಿಕೋಗ್ರಾಂ ಡಿಎನ್‌ಎ ಎಂದರೂ 24 ಮೈಕ್ರೋಗ್ರಾಂ, ಅರ್ಧ ಹಾಳಾದರೂ ಚಿಂತೆಯಿಲ್ಲ. ಟಿ ಕೋಶದ ಮೇಲ್ಮೈಯ ಸಿಡಿ3 ಪ್ರೋಟೀನಿಗೆ ಅಂಟುವ ಕಾಂತೀಯ ಮಣಿ ಬೆರೆಸಿ 4 ಡಿಗ್ರಿಯಲ್ಲಿ 15 ನಿಮಿಷ. ಸಿಡಿ5 ಹಿಡಿದು ಆರಿಸಲು ಹೋಗಲೇಬೇಡಿ: ಟಿ ಕೋಶದ ಗುರುತಾದ ಅದು ಸಿಎಲ್‌ಎಲ್ ಬಿ ಕೋಶದ ಮೇಲೂ ಇರುತ್ತದೆ.

ಮೊದಲ ಕಾಲಮ್ ದಾಟಿದಾಗ ಶುದ್ಧತೆ 84%. ಇಲ್ಲೇ ನಿಲ್ಲಿಸುವ ಆಸೆಯಾಗುತ್ತದೆ, ನಿಲ್ಲಿಸಬಾರದು. ಟಿ ಕೋಶದ ಟೀಲೊಮಿಯರ್ 7 ಕಿಲೋಬೇಸ್ (ಸಾವಿರ ಬೇಸ್, ಅಂದರೆ ಡಿಎನ್‌ಎಯ ಸಾವಿರ ಅಕ್ಷರ), ಕ್ಯಾನ್ಸರ್ ಕೋಶದ್ದು 4 ಎಂದಿಟ್ಟುಕೊಳ್ಳಿ. 16% ಬೆರಕೆಯಿಂದ ಸರಾಸರಿ 6.5ಕ್ಕೆ ಇಳಿಯುತ್ತದೆ. ವಯಸ್ಕರ ಬಿಳಿ ಕಣಗಳಲ್ಲಿ ವರ್ಷಕ್ಕೆ ಅಂದಾಜು 20ರಿಂದ 50 ಬೇಸ್ ಸವೆಯುವುದರಿಂದ, ಕಡಿಮೆಯೆಂದರೂ ಸುಮಾರು ಹತ್ತು ವರ್ಷದ ಸುಳ್ಳು ಮುಪ್ಪು ಸೇರಿಕೊಂಡಂತೆ. ಎರಡನೇ ಕಾಲಮ್ ಬಳಿಕ 97% ಬಂತು.

ಪಿಸಿಆರ್‌ಗೆ ಪ್ಲೇಟಿನ ಬಾವಿಯೊಂದಕ್ಕೆ (ಪುಟ್ಟ ಗುಳಿ) 20 ನ್ಯಾನೋಗ್ರಾಂ ಡಿಎನ್‌ಎ, ಮೂರು ಮೂರು ಸಲ. ಟೀಲೊಮಿಯರ್ ಮತ್ತು ಹೋಲಿಕೆಗೆಂದು ಸಂಖ್ಯೆ ಬದಲಾಗದ ಒಂಟಿ ಪ್ರತಿಯ ಜೀನ್, ಎರಡರ ಅನುಪಾತವೇ ಉತ್ತರ. ಪ್ರತಿ ಸೈಕಲ್‌ಗೆ ಡಿಎನ್‌ಎ ಇಮ್ಮಡಿಯಾಗುವುದರಿಂದ, ಅರ್ಧ ಸೈಕಲ್ ತಪ್ಪಿದರೆ ಅನುಪಾತ 41% ಏರುತ್ತದೆ, ಇಲ್ಲವೇ 29% ಇಳಿಯುತ್ತದೆ. ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಅದೇ ಒಂದು ಉಲ್ಲೇಖ ಡಿಎನ್‌ಎ ಇರಬೇಕು, ಎಲ್ಲ ಮಾದರಿಗೂ ಒಂದೇ ಕಿಟ್ಟಿನಿಂದ ಡಿಎನ್‌ಎ ತೆಗೆದಿರಬೇಕು.

ಸಂಜೆ ಬಂದ ಅನುಪಾತ ಕಡಿಮೆಯಿತ್ತು. ಸವಕಳಿ ಎಂದು ಬರೆಯುವುದು ಅವಸರ. ಹಿಂದೆ ಕಂಡ ಸೋಂಕನ್ನು ನೆನಪಿಡುವ ಟಿ ಕೋಶಗಳ ಟೀಲೊಮಿಯರ್, ಇನ್ನೂ ಏನನ್ನೂ ಎದುರಿಸದ ಹೊಸ ಟಿ ಕೋಶಗಳಿಗಿಂತ ಗಿಡ್ಡ, ಸಿಎಲ್‌ಎಲ್‌ನಲ್ಲಿ ಅವುಗಳ ಪಾಲೂ ಹೆಚ್ಚು. ಎತ್ತಿಟ್ಟಿದ್ದ ಕೋಶಗಳನ್ನು ಸಿಡಿ45ಆರ್‌ಎ, ಸಿಸಿಆರ್7 ಎಂಬ ಮೇಲ್ಮೈ ಗುರುತು ನೋಡಿ ಹೊಸವು, ನೆನಪಿನವು ಎಂದು ಬೇರ್ಪಡಿಸಿ ಮತ್ತೆ ಅಳೆಯಬೇಕು.