ಮಾಸ್ಕ್ ಮಾಡಿದ ಮೇಲೂ ಬಂದ ಇಂಟರಪ್ಟ್

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಡಿಸ್ಕ್ರಿಪ್ಟರ್ ರಿಂಗ್ (ಪ್ಯಾಕೆಟ್ ಬಫರ್‌ಗಳು ಎಲ್ಲಿವೆ ಎಂದು ಕಾರ್ಡಿಗೆ ತಿಳಿಸುವ, ಮೆಮೊರಿಯಲ್ಲಿನ ಸುತ್ತುಪಟ್ಟಿ) ಎಷ್ಟು ದೊಡ್ಡದಿರಬೇಕು ಎಂಬುದನ್ನು ಎಥ್‌ಟೂಲ್ ಎಂಬ ಕಮಾಂಡ್ ಬಳಸಿ ಬದಲಿಸಬಹುದು. ಕಾರ್ಡನ್ನು ನಡೆಸುವ, ನಾನು ನೋಡಿಕೊಳ್ಳುತ್ತಿದ್ದ ಡ್ರೈವರ್‌ಗೆ ಆ ಸೌಲಭ್ಯ ಸೇರಿಸಿದ್ದೆ. ಕಾರ್ಡ್ ನಿಲ್ಲಿಸು, ಹಳೆಯ ರಿಂಗ್ ಬಿಡು, ಹೊಸದು ಕಟ್ಟು, ಮತ್ತೆ ಶುರು ಮಾಡು, ಅಷ್ಟೇ ಕೆಲಸ. ಕೈಯಿಂದ ಹತ್ತಿಪ್ಪತ್ತು ಸಲ ಮಾಡಿ ನೋಡಿದೆ, ಏನೂ ಆಗಲಿಲ್ಲ. ಆಮೇಲೆ ಒಂದು ಸ್ಕ್ರಿಪ್ಟ್ ಬರೆದೆ. ಒಂದು ಕಡೆಯಿಂದ ಪ್ಯಾಕೆಟ್‌ಗಳ ಸುರಿಮಳೆ, ಇನ್ನೊಂದು ಕಡೆ ರಿಂಗನ್ನು 256ಕ್ಕೆ ಇಳಿಸುವುದು, 4096ಕ್ಕೆ ಏರಿಸುವುದು, ಮತ್ತೆ 256. ಮುಕ್ಕಾಲು ಗಂಟೆಯೊಳಗೆ ಯಂತ್ರ ಪ್ಯಾನಿಕ್ ಆಗಿ ನಿಂತಿತ್ತು.

ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಬೀಳುತ್ತಿದ್ದುದರಿಂದ ಮೊದಲೆರಡು ಗಂಟೆ ಮೆಮೊರಿ ಚಿಪ್ಪನ್ನೇ ಅನುಮಾನಿಸಿದೆ. ಕೊನೆಗೆ ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕೇಸಾನ್ ಹಾಕಿ, ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟಿದೆ. ಮುಂದಿನ ಸಲ ಬಿದ್ದಾಗ ವರದಿ ಸ್ಪಷ್ಟವಾಗಿತ್ತು: ಬಿಟ್ಟುಕೊಟ್ಟ ಮೆಮೊರಿಯನ್ನು ಯಾರೋ ಓದುತ್ತಿದ್ದಾರೆ. ಬಿಟ್ಟದ್ದು ರಿಂಗ್ ಬದಲಿಸುವ ನನ್ನ ಫಂಕ್ಷನ್, ಒಂದು ಸಿಪಿಯು ಮೇಲೆ. ಓದಿದ್ದು ನನ್ನದೇ ಇಂಟರಪ್ಟ್ ಹ್ಯಾಂಡ್ಲರ್ (ಕಾರ್ಡ್ ಇಂಟರಪ್ಟ್ ಎಂಬ ಸಂಕೇತ ಕೊಟ್ಟು ಸಿಪಿಯುವನ್ನು ಕರೆದಾಗ ಓಡುವ ಫಂಕ್ಷನ್), ಇನ್ನೊಂದು ಸಿಪಿಯು ಮೇಲೆ. ಕಳುಹಿಸಿ ಮುಗಿದ ಬಫರ್‌ಗಳನ್ನು ಹ್ಯಾಂಡ್ಲರ್‌ನಲ್ಲೇ ಗುಡಿಸುವ ಹಳೆಯ ಪದ್ಧತಿ ಆ ಡ್ರೈವರ್‌ನಲ್ಲಿತ್ತು.

ಆದರೆ ರಿಂಗ್ ಬಿಡುವ ಮೊದಲು ಇಂಟರಪ್ಟ್ ಮಾಸ್ಕ್ ರಿಜಿಸ್ಟರ್‌ಗೆ ಬರೆದಿದ್ದೆನಲ್ಲ! ಆ ಸಾಲನ್ನು ಎಷ್ಟು ಸಲ ದಿಟ್ಟಿಸಿದೆನೋ. ಕಾರ್ಡಿಗೆ ಬಾಯಿ ಮುಚ್ಚು ಎಂದು ಹೇಳಿದ್ದೆ ನಿಜ. ಆ ಮಾತು ಅದಕ್ಕೆ ತಲುಪಿತೇ, ಅಷ್ಟರಲ್ಲಿ ಅದು ಆಡಿಬಿಟ್ಟ ಮಾತನ್ನು ಬೇರೊಂದು ಸಿಪಿಯು ಇನ್ನೂ ಕೇಳಿಸಿಕೊಳ್ಳುತ್ತಿದೆಯೇ, ಎರಡನ್ನೂ ನಾನು ವಿಚಾರಿಸಿರಲಿಲ್ಲ. ಪಿಸಿಐ ಬಸ್‌ನಲ್ಲಿ ರಿಜಿಸ್ಟರ್‌ಗೆ ಬರೆದದ್ದು ದಾರಿಯಲ್ಲೇ ತಡೆದು ನಿಲ್ಲಬಹುದು. ಅದೇ ಕಾರ್ಡಿನ ಒಂದು ರಿಜಿಸ್ಟರನ್ನು ಮರಳಿ ಓದಿದರೆ ಮಾತ್ರ ಬರಹ ತಲುಪಿದೆ ಎಂಬ ಖಾತ್ರಿ. ತಲುಪಿದರೂ, ಅದಕ್ಕೂ ಮುಂಚೆ ಶುರುವಾದ ಹ್ಯಾಂಡ್ಲರ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಅದು ಮುಗಿಯುವವರೆಗೆ ಕಾಯುವುದಕ್ಕೇ ಇರುವುದು ಸಿಂಕ್ರನೈಸ್_ಐಆರ್‌ಕ್ಯೂ. ಇಂಟೆಲ್‌ನ ಇ1000 ಡ್ರೈವರ್‌ನಲ್ಲಿ ಇಂಟರಪ್ಟ್ ನಿಲ್ಲಿಸುವ ಫಂಕ್ಷನ್ ತೆರೆದು ನೋಡಿದೆ. ಮಾಸ್ಕ್ ಬರೆ, ಮರಳಿ ಓದಿ ಫ್ಲಶ್ ಮಾಡು, ಸಿಂಕ್ರನೈಸ್ ಮಾಡು. ಮೂರೇ ಸಾಲು. ನನ್ನಲ್ಲಿ ಇದ್ದದ್ದು ಮೊದಲನೆಯದು ಮಾತ್ರ.

(ಇಂಟರಪ್ಟ್ ಲೈನನ್ನೇ ಮುಚ್ಚುವ ಡಿಸೇಬಲ್_ಐಆರ್‌ಕ್ಯೂ ಕರೆದುಬಿಡು, ಅದೂ ಕಾಯುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ಕಾಯುತ್ತದೆ, ಸರಿ. ಆದರೆ ಆ ಬೋರ್ಡಿನಲ್ಲಿ ನನ್ನ ಕಾರ್ಡ್ ಇಂಟರಪ್ಟ್ ಲೈನನ್ನು ಬೇರೆ ಸಾಧನದೊಂದಿಗೆ ಹಂಚಿಕೊಂಡಿತ್ತು. ಲೈನನ್ನೇ ಮುಚ್ಚಿದರೆ ಆ ಸಾಧನದ ಇಂಟರಪ್ಟ್‌ಗಳೂ ನಿಲ್ಲುತ್ತವೆ. ನನ್ನ ಅನುಕೂಲಕ್ಕೆ ಪಕ್ಕದವರ ಬಾಯಿ ಕಟ್ಟುವುದು ನನಗೆ ಒಪ್ಪಿಗೆಯಾಗಲಿಲ್ಲ.)

ಆತುರದಲ್ಲಿ ಆ ಎರಡು ಸಾಲುಗಳನ್ನು ಮಾಸ್ಕ್ ಬರೆಯುವ ಸಾಲಿನ ಕೆಳಗೇ ಸೇರಿಸಿದೆ. ಅಲ್ಲಿ ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದಿದ್ದೆ. ಹ್ಯಾಂಡ್ಲರ್‌ಗೂ ಅದೇ ಲಾಕ್ ಬೇಕು. ನಾನು ಲಾಕ್ ಹಿಡಿದುಕೊಂಡು ಹ್ಯಾಂಡ್ಲರ್ ಮುಗಿಯಲಿ ಎಂದು ಕಾಯುತ್ತೇನೆ, ಹ್ಯಾಂಡ್ಲರ್ ನಾನು ಲಾಕ್ ಬಿಡಲಿ ಎಂದು ಕಾಯುತ್ತದೆ. ಸ್ಕ್ರಿಪ್ಟ್ ಶುರುವಾದ ಸ್ವಲ್ಪ ಹೊತ್ತಿಗೇ ಯಂತ್ರ ಕಲ್ಲಾಯಿತು. ಎಥ್‌ಟೂಲ್‌ನ ಕರೆಗಳು ಹೇಗಿದ್ದರೂ ನೆಟ್‌ವರ್ಕ್ ಸೆಟ್ಟಿಂಗ್ ಬದಲಾವಣೆಗಳನ್ನು ಒಂದೊಂದಾಗಿ ಮಾತ್ರ ಬಿಡುವ ಆರ್‌ಟಿಎನ್‌ಎಲ್ ಲಾಕ್ ಅಡಿಯಲ್ಲಿ ಬರುವುದರಿಂದ ಅಲ್ಲಿ ಸ್ಪಿನ್‌ಲಾಕ್ ಬೇಕೇ ಇರಲಿಲ್ಲ. ತೆಗೆದುಹಾಕಿದೆ.

ಸಂಜೆಯವರೆಗೆ ಓಡಿತು. ಮನೆಗೆ ಹೊರಡಲು ಎದ್ದಿದ್ದೆ, ಕನ್ಸೋಲ್‌ನಲ್ಲಿ ಕೇಸಾನ್ ವರದಿ ಮತ್ತೆ ಕಾಣಿಸಿತು. ಅದೇ ಹ್ಯಾಂಡ್ಲರ್, ಅದೇ ಮೆಮೊರಿ.

ಈ ಸಲ ಎದೆ ಕುಸಿಯಿತು. ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆದು ಎರಡು ಸಿಪಿಯುಗಳ ಕೆಲಸವನ್ನು ಎದುರುಬದುರು ಬರೆಯುತ್ತಾ ಹೋದೆ. ಎಡಗಡೆ ನನ್ನ ಫಂಕ್ಷನ್: ಮಾಸ್ಕ್, ಫ್ಲಶ್, ಸಿಂಕ್ರನೈಸ್, ಅದಾದ ಮೇಲೆ ನ್ಯಾಪಿ_ಡಿಸೇಬಲ್, ಆಮೇಲೆ ಬಿಡುಗಡೆ. ಬಲಗಡೆ ನ್ಯಾಪಿಯ ಪೋಲ್, ಅಂದರೆ ಇಂಟರಪ್ಟ್‌ಗಳನ್ನು ಮುಚ್ಚಿಟ್ಟು ಬಂದ ಪ್ಯಾಕೆಟ್‌ಗಳನ್ನು ಒಟ್ಟಾಗಿ ಎತ್ತಿಕೊಳ್ಳುವ ಫಂಕ್ಷನ್. ಪ್ಯಾಕೆಟ್‌ಗಳು ಖಾಲಿಯಾದಾಗ ಪೋಲ್ ಕೊನೆಗೆ ಏನು ಮಾಡುತ್ತದೆ? ಇಂಟರಪ್ಟ್‌ಗಳನ್ನು ಮತ್ತೆ ತೆರೆಯುತ್ತದೆ! ಅದರ ಕರ್ತವ್ಯವೇ ಅದು. ನಾನು ಮುಚ್ಚಿ, ಖಾತ್ರಿ ಮಾಡಿಕೊಂಡು, ಹ್ಯಾಂಡ್ಲರ್ ಮುಗಿಯುವವರೆಗೂ ಕಾದು ಮುಂದೆ ಹೋದ ಮೇಲೆ, ಬಲಗಡೆಯ ಪೋಲ್ ತನ್ನ ಕೊನೆಯ ಸಾಲಿನಲ್ಲಿ ಬಾಗಿಲು ತೆರೆದು ಹೋಗುತ್ತಿತ್ತು. ನ್ಯಾಪಿ_ಡಿಸೇಬಲ್ ಪೋಲ್ ಮುಗಿಯಲಿ ಎಂದು ಕಾಯುತ್ತದೆ, ಆದರೆ ಪೋಲ್ ತೆರೆದ ಬಾಗಿಲನ್ನು ಮುಚ್ಚುವವರು ಆಮೇಲೆ ಯಾರೂ ಇರಲಿಲ್ಲ. ಇ1000ದಲ್ಲಿ ನ್ಯಾಪಿ ಮೊದಲು, ಇಂಟರಪ್ಟ್ ಆಮೇಲೆ. ಬೆಳಿಗ್ಗೆ ಮೂರು ಸಾಲು ಸಿಕ್ಕಿದ ಖುಷಿಯಲ್ಲಿ ಅವನ್ನು ಎಲ್ಲಿಂದ ಕರೆಯುತ್ತಾರೆ ಎಂದು ನೋಡಿರಲಿಲ್ಲ.

ಕ್ರಮ ಬದಲಿಸಿದೆ. ಕಳುಹಿಸುವ ಕ್ಯೂ ನಿಲ್ಲಿಸಿ, ಸಿಪಿಯು ಮಧ್ಯೆ ಬಾರದೆ ಕಾರ್ಡ್ ನೇರವಾಗಿ ಮೆಮೊರಿ ಮುಟ್ಟುವ ಡಿಎಂಎ ನಿಲ್ಲಿಸಿ, ನ್ಯಾಪಿ ನಿಲ್ಲಿಸಿ, ಆಮೇಲೆ ಮಾಸ್ಕ್, ಫ್ಲಶ್, ಸಿಂಕ್ರನೈಸ್. ಇಷ್ಟೆಲ್ಲ ಆದ ಮೇಲೆ ಮೆಮೊರಿ ಬಿಡುವುದು. ಡಿಎಂಎ ಮರೆತರೆ ಕಾರ್ಡ್ ತಾನೇ ಬೇರೆಯವರ ಮೆಮೊರಿಗೆ ಪ್ಯಾಕೆಟ್ ಸುರಿಯುತ್ತದೆ, ಅದನ್ನು ಕೇಸಾನ್ ಕೂಡ ಹಿಡಿಯಲಾರದು.

ಸ್ಕ್ರಿಪ್ಟ್ ರಾತ್ರಿಯಿಡೀ ಓಡಿತು. ಬೆಳಿಗ್ಗೆ ಬಂದಾಗ ಎಣಿಕೆ ಇನ್ನೂ ಏರುತ್ತಿತ್ತು. ಅದನ್ನು ನಿಲ್ಲಿಸದೆ ಎಡಿಟರ್ ತೆರೆದು ಆ ಫಂಕ್ಷನ್ ಮೇಲೆ ಕಾಮೆಂಟ್ ಬರೆದೆ: ಪೋಲ್ ಇಂಟರಪ್ಟ್‌ಗಳನ್ನು ಮತ್ತೆ ತೆರೆಯುತ್ತದೆ, ಹಾಗಾಗಿ ನ್ಯಾಪಿ_ಡಿಸೇಬಲ್ ಅನ್ನು ಮಾಸ್ಕ್‌ಗಿಂತ ಕೆಳಗೆ ತರಬೇಡಿ.